ಮುಟ್ಟಿನ ದಿನಗಳ ಉರಿಮೂತ್ರ ಯಾವಾಗಲೂ ಸೋಂಕಲ್ಲ

ಮುಟ್ಟಿನ ಸಮಯದಲ್ಲಿ ಮೂತ್ರ ವಿಸರ್ಜಿಸುವಾಗ ಆಗುವ ನೋವು ಸೋಂಕಿನದ್ದೇ, ಒಂದು ವೇಳೆ ಎಂಡೊಮೆಟ್ರಿಯೋಸಿಸ್ ಆಗಿದ್ದರೂ ಗರ್ಭಕೋಶ ತೆಗೆಸಿದರೆ ಮುಗಿಯಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೊದಲ ಮಾತು ಅರೆಸತ್ಯ, ಎರಡನೆಯದು ತಪ್ಪು.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಅಪರೂಪಕ್ಕೆ ಅದು ಮೂತ್ರಾಂಗಗಳನ್ನೂ, ಅವುಗಳಲ್ಲಿ ಹೆಚ್ಚಾಗಿ ಮೂತ್ರಕೋಶವನ್ನು, ಆವರಿಸುತ್ತದೆ. ನೋವು ತಿಂಗಳು ತಿಂಗಳೂ ಮರುಕಳಿಸಿ, ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ (ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂದು ನೋಡುವ ಪರೀಕ್ಷೆ) ಏನೂ ಕಾಣದಿದ್ದರೆ ಪದೇ ಪದೇ ಆ್ಯಂಟಿಬಯಾಟಿಕ್ ನುಂಗುವುದರಲ್ಲಿ ಅರ್ಥವಿಲ್ಲ. ಹೆಚ್ಚು ಆತಂಕದ ಸಂಗತಿ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದ್ದು: ಈ ಅಂಗಾಂಶದ ಗಂಟು ಅದನ್ನು ಹೊರಗಿನಿಂದ ಒತ್ತಿ, ಮೂತ್ರ ಹಿಂದಕ್ಕೆ ನಿಂತು ಮೂತ್ರಪಿಂಡ ಊದಿಕೊಂಡರೂ ಎಷ್ಟೋ ಸಲ ನೋವೇ ಇರುವುದಿಲ್ಲ. ಆಳವಾಗಿ ಹರಡಿದ ಎಂಡೊಮೆಟ್ರಿಯೋಸಿಸ್ ಇರುವವರಿಗೆ ಮೂತ್ರಪಿಂಡದ ಅಲ್ಟ್ರಾಸೌಂಡ್ ಬೇಕೆನ್ನುವುದು ಇದಕ್ಕಾಗಿಯೇ.

ಹಾರ್ಮೋನ್ ಔಷಧಗಳು ನೋವನ್ನು ತಗ್ಗಿಸಬಲ್ಲವು, ಆದರೆ ಕಲೆಗಟ್ಟಿ ಬಿಗಿದುಹೋದ ನಾಳವನ್ನು ಸಡಿಲಿಸಲಾರವು. ಆಗ ಶಸ್ತ್ರಚಿಕಿತ್ಸಕರು, ಸಾಮಾನ್ಯವಾಗಿ ಲ್ಯಾಪ್ರೊಸ್ಕೋಪಿಯ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ, ನಾಳವನ್ನು ಸುತ್ತಲಿನ ಅಂಗಾಂಶದಿಂದ ಬಿಡಿಸುತ್ತಾರೆ. ಅದು ಸಾಲದಿದ್ದರೆ ಕೆಟ್ಟ ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸುತ್ತಾರೆ, ಇಲ್ಲವೇ ನಾಳವನ್ನು ಮೂತ್ರಕೋಶಕ್ಕೆ ಹೊಸದಾಗಿ ಕೂಡಿಸುತ್ತಾರೆ. ಮೂತ್ರಕೋಶದಲ್ಲೇ ಗಂಟಿದ್ದರೆ ಗೋಡೆಯ ಆ ಭಾಗವನ್ನಷ್ಟೇ ತೆಗೆದು ಹೊಲಿಯುತ್ತಾರೆ. ಗರ್ಭಕೋಶವನ್ನು ಮಾತ್ರ ತೆಗೆದರೆ ಈ ಗಂಟುಗಳು ಇದ್ದಲ್ಲೇ ಉಳಿಯುತ್ತವೆ.