ಸತ್ಯಾಂಶ: ರಾತ್ರಿಯಿಡೀ ತಾನೇ ಬಿಸಿಯಾಗುವ ಶಾಲು ಇದೆಯೇ?

ಚಳಿ ಬಿದ್ದರೆ ತೀರ್ಥಹಳ್ಳಿ, ಆಗುಂಬೆ ಕಡೆಯ ಮೊಬೈಲ್‌ಗಳಲ್ಲಿ ಈ ಸಂದೇಶ ಓಡಾಡುತ್ತದೆ: ನ್ಯಾನೋ ನೂಲಿನ ಶಾಲು ಬ್ಯಾಟರಿಯಿಲ್ಲದೆ ರಾತ್ರಿಯಿಡೀ ಶಾಖ ಹುಟ್ಟಿಸುತ್ತದೆಯಂತೆ. ಅಂಥ ಬಟ್ಟೆ ಇರುವುದು ನಿಜ. ಆದರೆ ಅದು ಶಾಖ ಹುಟ್ಟಿಸುವುದಿಲ್ಲ, ಕೂಡಿಟ್ಟದ್ದನ್ನು ಹಿಂತಿರುಗಿಸುತ್ತದೆ.

ಬಚ್ಚಲಿನ ಕಿಟಕಿಯಲ್ಲಿಟ್ಟ ಕೊಬ್ಬರಿ ಎಣ್ಣೆ ನೋಡಿ. ಬೆಳಿಗ್ಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಬಿಸಿಲೇರಿದರೆ ಕರಗುತ್ತದೆ. ಕರಗುವಾಗ ಶಾಖ ಹೀರುತ್ತದೆ, ಗಟ್ಟಿಯಾಗುವಾಗ ಬಿಡುತ್ತದೆ. ನೂಲಿನ ಸೂಕ್ಷ್ಮ ಕೋಶಗಳಲ್ಲಿರುವುದೂ ಸುಮಾರು 28 ಡಿಗ್ರಿಗೆ ಕರಗುವ ಆಕ್ಟಾಡೆಕೇನ್‌ನಂತಹ ಮೇಣವೇ. ಅದು ಹೀರಿ ಬಿಡುವ ಶಾಖ ಗ್ರಾಂಗೆ ಸುಮಾರು 240 ಜೂಲ್ (ಜೂಲ್ ಎಂದರೆ ಶಾಖದ ಅಳತೆ); ಶಾಲಿನಲ್ಲಿ 50 ಗ್ರಾಂ ಇದ್ದರೆ 12,000 ಜೂಲ್. ಸುಮ್ಮನೆ ಕುಳಿತವರ ಮೈ ಎರಡೇ ನಿಮಿಷದಲ್ಲಿ ಅಷ್ಟು ಶಾಖ ಬಿಡುತ್ತದೆ!

ಶಾಲನ್ನು ರಾತ್ರಿ ಜಗಲಿಯಲ್ಲಿ ಬಿಟ್ಟು, ನಸುಕಿನಲ್ಲಿ ಅದರ ಮಡಿಕೆಯೊಳಗೆ ಥರ್ಮಾಮೀಟರ್ ಇಟ್ಟು ನೋಡಿ: ಅದು ಸುತ್ತಲ ಗಾಳಿಯಷ್ಟೇ ತಣ್ಣಗಿರುತ್ತದೆ. ಅಜ್ಜಿಗೆ ಉಪಯೋಗವಾಗಲಿ ಎಂದು ಸಂದೇಶ ಕಳಿಸುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಇದನ್ನು ನಂಬಿ ಅವರ ಕಂಬಳಿ ತೆಗೆದಿಡಬೇಡಿ.