ಮಳೆನೀರು ಕೊಯ್ಲು: ಮೊದಲ ನೀರು ಎಲ್ಲಿಗೆ ಹೋಗುತ್ತಿದೆ, ನೋಡಿದ್ದೀರಾ?

ಮಳೆನೀರು ಕೊಯ್ಲು ಎಂದ ಕೂಡಲೇ ಮಾತೆಲ್ಲ ಟ್ಯಾಂಕು, ಫಿಲ್ಟರುಗಳ ಸುತ್ತಲೇ ತಿರುಗುತ್ತದೆ. ಆದರೆ ನೀರು ಕೆಡುವುದು ತಾರಸಿಯಲ್ಲಿ. ಧೂಳು, ಹಕ್ಕಿ ಹಿಕ್ಕೆ, ಕೊಳೆತ ಎಲೆ ಎಲ್ಲ ಕೊಚ್ಚಿಕೊಂಡು ಬರುವುದು ಮೊದಲ ನೀರಿನ ಜೊತೆ. ಅದನ್ನು ಹೊರಗೆ ಹಾಕದಿದ್ದರೆ ಎಂಥ ಫಿಲ್ಟರ್ ತಂದರೂ ದುಡ್ಡು ದಂಡ.

ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚ.ಮೀ. ತಾರಸಿಯ ಮೊದಲ 1 ಮಿ.ಮೀ. ಹೊರಗೆ ಹೋಗಬೇಕೆಂದರೆ 100 ಲೀಟರ್ ಹಿಡಿಯುವ ಜಾಗ ಬೇಕು. ಮನೆ ಮೇಲೆ ಮರ ಚಾಚಿದ್ದರೆ ಅದರ ಎರಡರಷ್ಟು. ಮೊದಲ ನೀರು ತುಂಬಿಕೊಂಡ ಮೇಲಷ್ಟೇ ಉಳಿದದ್ದು ಟ್ಯಾಂಕಿಗೆ ಹೋಗಲೆಂದು ಎಷ್ಟೋ ಮನೆಗಳಲ್ಲಿ ಕೂರಿಸಿರುವುದು ತಳ ಮುಚ್ಚಿದ, 4 ಇಂಚಿನ ಒಂದು ಮೀಟರ್ ಪೈಪು. ಅದು ಹಿಡಿಯುವುದು ಸುಮಾರು 8 ಲೀಟರ್! 6 ಇಂಚಿನದಾದರೆ ಮೀಟರಿಗೆ ಸುಮಾರು 18 ಲೀಟರ್. ನೀರು ನಾಲ್ಕು ಕಡೆ ಸಮನಾಗಿ ಹಂಚಿ ಇಳಿಯುತ್ತಿದ್ದರೆ ಪ್ರತಿಯೊಂದಕ್ಕೂ 6 ಇಂಚಿನ ಒಂದೂವರೆ ಮೀಟರ್ ಪೈಪು ಕೊಡಿ. ಒಂದೇ ಕಡೆ ಇಳಿಯುತ್ತಿದ್ದರೆ ಡ್ರಮ್ಮೇ ವಾಸಿ.

ಈ ಪೈಪಿನ ತಳದ ಮುಚ್ಚಳದಲ್ಲಿ 2-3 ಮಿ.ಮೀ. ತೂತು ಇರಬೇಕು, ಮಳೆ ನಿಂತ ಮೇಲೆ ಒಳಗಿನದೆಲ್ಲ ತೊಟ್ಟಿಕ್ಕಿ ಖಾಲಿಯಾಗಲು. ಎಡವಟ್ಟಾಗುವುದು ಇಲ್ಲೇ. ಕೆಸರು ಕೂತು ತೂತು ಕಟ್ಟಿಕೊಳ್ಳುತ್ತದೆ, ಪೈಪು ತುಂಬಿಯೇ ಇರುತ್ತದೆ, ಮುಂದಿನ ಮಳೆಯ ಕೊಳೆಯೆಲ್ಲ ಸೀದಾ ಟ್ಯಾಂಕಿಗೆ. ಹಾಗಾಗಿ ಮುಚ್ಚಳವನ್ನು ಅಂಟಿಸಬೇಡಿ, ತಿರುಗಿಸಿ ಬಿಚ್ಚುವಂಥದ್ದೇ ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ.

ಫಿಲ್ಟರಿಗೆ ದಪ್ಪ ಮರಳಿನ ಪದರ ಹಾಕಿಸುವವರಿಗೂ ಒಂದು ಮಾತು. ಗಂಟೆಗೆ 60 ಮಿ.ಮೀ. ಸುರಿದರೆ ಅದೇ ತಾರಸಿಯಿಂದ ನಿಮಿಷಕ್ಕೆ 100 ಲೀಟರ್ ಇಳಿಯುತ್ತದೆ. ಸಣ್ಣ ಡಬ್ಬಿಯೊಳಗಿನ ಮರಳು ಅಷ್ಟನ್ನು ಸೋಸಲಾರದು, ಒಳ್ಳೆಯ ನೀರೇ ಉಕ್ಕಿ ಚರಂಡಿ ಸೇರುತ್ತದೆ. ಬಳಕೆ ನೀರಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಾಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯಾಂಕಿನೊಳಗೆ ಪೈಪನ್ನು ತಳದವರೆಗೆ ಇಳಿಸಿ, ಬಾಯಿ ಮೇಲಕ್ಕೆ ತಿರುಗಿಸಿ. ಮೇಲಿಂದ ಧುಮುಕಿದರೆ ತಳದ ಗಸಿಯೆಲ್ಲ ಕದಡುತ್ತದೆ. ಉಕ್ಕುವ ನೀರಿನ ಪೈಪು ಒಳಬರುವ ಪೈಪಿಗಿಂತ ಸಣ್ಣದಾಗಕೂಡದು, ಬಾಯಿಗೆ ಸೊಳ್ಳೆ ಜಾಲರಿ ಇರಲೇಬೇಕು. ಟ್ಯಾಂಕಿಗೆ ಬೆಳಕು ಬಿದ್ದರೆ ಪಾಚಿ ಗ್ಯಾರಂಟಿ.

ಕುಡಿಯುವುದಾದರೆ ಸೋಸಿ, ಕುದಿಸಿಯೇ ಕುಡಿಯಿರಿ. ಚಾವಣಿಗೆ ಸೀಸದ ಬಣ್ಣವೋ ಸೀಸದ ತಗಡೋ ಇದ್ದರೆ ಮಾತ್ರ ಕುದಿಸಿದರೂ ಬೇಡ: ಸೀಸ ಕುದಿಸುವುದರಿಂದ ಹೋಗುವುದಿಲ್ಲ. ಆ ನೀರನ್ನು ಶೌಚಾಲಯಕ್ಕೆ ಬಿಡಿ.