ಬಿಚ್ಚುವ ಧೈರ್ಯ ಇರಲಿ, ಬದಲಿಸುವ ಅವಸರ ಬೇಡ

ಕರ್ನಾಟಕ ಬಿಟ್ಟು ಹೊರಗೆ ನೆಲೆಸಿ ವರ್ಷಗಳಾದವು. ಎಲೆಕ್ಟ್ರಿಕ್ ಗಿಟಾರ್ ಇಟ್ಟುಕೊಂಡವರ ಎರಡು ರೀತಿಗಳನ್ನು ಹತ್ತಿರದಿಂದ ನೋಡಿದ್ದೇನೆ. ಕರ್ನಾಟಕದಲ್ಲಿ ನನ್ನ ಜೊತೆ ನುಡಿಸುತ್ತಿದ್ದವರು ಗಿಟಾರನ್ನು ಬಿಚ್ಚುತ್ತಲೇ ಇರಲಿಲ್ಲ. ಕರಕರ ಅಂದರೆ ಸೀದಾ ರಿಪೇರಿಯವರ ಕೈಗೆ. ಇಲ್ಲಿನ ಗೆಳೆಯರದು ಪೂರ್ತಿ ಉಲ್ಟಾ. ಗಿಟಾರ್ ಮನೆಗೆ ಬಂದ ವಾರದಲ್ಲೇ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಬದಲಾಗಿರುತ್ತದೆ. ಬಿಚ್ಚುವ ಧೈರ್ಯವನ್ನು ನಾನು ಇವರಿಂದಲೇ ಕಲಿತೆ. ಅದಕ್ಕೆ ಋಣಿ. ಆದರೆ ಏನು ಕೆಟ್ಟಿದೆ ಎಂದು ನೋಡದೆ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ನಾಬ್ ತಿರುಗಿಸಿದಾಗ ಬರುವ ಕರಕರ ಬಹಳ ಸಲ ಪಾಟ್, ಅಂದರೆ ನಾಬ್‌ನ ಕೆಳಗಿರುವ ವಾಲ್ಯೂಮ್ ಅಥವಾ ಟೋನ್ ನಿಯಂತ್ರಕದ, ಒಳಗಿನ ಧೂಳು. ಒಂದಿಷ್ಟು ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಹತ್ತಿಪ್ಪತ್ತು ಸಲ ಆಚೆ ಈಚೆ ತಿರುಗಿಸಿ ನೋಡಿ. ಸದ್ದು ಬಂದು ಬಂದು ನಿಂತರೆ ಮೊದಲು ಕೇಬಲ್ ಸಿಕ್ಕಿಸುವ ಜ್ಯಾಕ್ ನೋಡಿ. ಅದು ಸಡಿಲವಾಗಿ ಸುತ್ತಿದರೆ ಒಳಗಿನ ವೈರ್ ಕಿತ್ತುಬರುತ್ತದೆ. ಶ್ರುತಿ ನಿಲ್ಲದಿದ್ದರೆ ಎಲ್ಲರೂ ತಂತಿ ಬಿಗಿಯುವ ಕೀಲಿಯ, ಅಂದರೆ ಟ್ಯೂನರ್ ಮೇಲೆ ಗೂಬೆ ಕೂರಿಸುತ್ತಾರೆ, ಅಲ್ವಾ? ಟ್ಯೂನರ್‌ಗಳಿರುವ ತುದಿಯ, ಅಂದರೆ ಹೆಡ್‌ಸ್ಟಾಕ್ ಬಳಿಯ ನಟ್‌ನಲ್ಲಿ (ತಂತಿ ಕೂರುವ ಗೀರುಗಳಿರುವ ಪಟ್ಟಿ) ತಂತಿ ಸಿಕ್ಕಿಕೊಳ್ಳುವುದೇ ಜಾಸ್ತಿ. ಆ ಗೀರುಗಳಿಗೆ ಪೆನ್ಸಿಲ್ ತುದಿ ಉಜ್ಜಿದರೆ ತಂತಿ ಸರಾಗವಾಗಿ ಜಾರುತ್ತದೆ.

ಇಷ್ಟಾದ ಮೇಲೂ ಬದಲಿಸಲೇಬೇಕೆಂದರೆ, ಅಳತೆ ತೆಗೆಯದೆ ಏನನ್ನೂ ಕೊಳ್ಳಬೇಡಿ. ನಾನು ಒಮ್ಮೆ ಹೆಸರು ಮಾತ್ರ ನೋಡಿ ಒಳ್ಳೆಯ ಪಾಟ್‌ಗಳನ್ನು ತರಿಸಿದೆ. ಗಿಟಾರಿನ ತೂತು 8 ಮಿ.ಮೀ., ಪಾಟ್‌ನ ಕುತ್ತಿಗೆ ಸುಮಾರು 9.5 ಮಿ.ಮೀ. ಹಳೆಯ ನಾಬ್ ಕೂಡ ಕೂರಲಿಲ್ಲ. ನಾಬ್ ಕೂರುವ ದಂಡದ ದಪ್ಪ ಕೆಲವದರಲ್ಲಿ 6 ಮಿ.ಮೀ., ಕೆಲವದರಲ್ಲಿ ಕಾಲು ಇಂಚು, ಅಂದರೆ 6.35. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಟ್ಯೂನರ್‌ಗಳೂ ಹಾಗೇ, ಕೆಲವಕ್ಕೆ 10 ಮಿ.ಮೀ. ತೂತು ಬೇಕು, ಕೆಲವಕ್ಕೆ ಅದಕ್ಕಿಂತ ಸಣ್ಣದು ಸಾಕು.

ಪಾಟ್‌ನ ಬೆಲೆಗಿಂತ ಅದರ ಮೌಲ್ಯ ದೊಡ್ಡದು ಎಂದು ನಾನು ನಂಬಿರುವುದು ಬೇರೆ ಅರ್ಥದಲ್ಲಿ. ಇಲ್ಲಿ ಮೌಲ್ಯ ಎಂದರೆ ಪಾಟ್‌ನ ವಿದ್ಯುತ್ ರೋಧ. ಒಂದೇ ಸುರುಳಿಯ ಪಿಕಪ್ ಆದ ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್‌ಗೆ 500. ವಾಲ್ಯೂಮ್ ಪೂರ್ತಿ ಏರಿಸಿದಾಗಲೂ ಪಾಟ್ ಸ್ವಲ್ಪ ಮೇಲಿನ ಸ್ವರದ ಮೊನಚನ್ನು ಗ್ರೌಂಡಿಗೆ ಹರಿಸುತ್ತಿರುತ್ತದೆ. ಸಂಖ್ಯೆ ಕಡಿಮೆಯಿದ್ದಷ್ಟೂ ಮೊನಚು ಕಡಿಮೆ. ಹಂಬಕರ್ ಮಂಕಾಗಿದೆ ಎಂದು ಹೊಸ ಪಿಕಪ್ ಹುಡುಕುವವರು ಮೊದಲು ಒಳಗೆ 250 ಕೂತಿದೆಯಾ ನೋಡಬೇಕು. ಅಲ್ಲಿ 500 ಹಾಕಿದರೆ ಅದೇ ಹಳೆಯ ಪಿಕಪ್ ಬಾಯಿ ಬಿಡುತ್ತದೆ. ಇದಕ್ಕಿಂತ ಸಂತೋಷದ ಕೆಲಸ ನನಗೆ ಇನ್ನೊಂದಿಲ್ಲ.

ಸಾಲ್ಡರಿಂಗ್‌ಗೆ ಹೆದರಬೇಡಿ. ಆದರೆ ತೀರಾ ಸಣ್ಣ ಐರನ್ ಬೇಡ. ಪಾಟ್‌ನ ಬೆನ್ನು ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. 15 ವ್ಯಾಟ್‌ನದನ್ನು ಸುಮ್ನೆ ಹಿಡಿದುಕೊಂಡೇ ಕೂತರೆ ಸೀಸ ಕರಗುವ ಮುಂಚೆ ಪಾಟ್ ಸುಟ್ಟಿರುತ್ತದೆ. 40 ವ್ಯಾಟ್ ಅಥವಾ ಅದಕ್ಕೂ ಜಾಸ್ತಿಯದಿದ್ದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಬಿಚ್ಚುವ ಮೊದಲು ವೈರಿಂಗ್‌ನ ಫೋಟೋ ತೆಗೆದಿಡಿ. ತೆಗೆದ ಭಾಗಗಳನ್ನು ಎಸೆಯಬೇಡಿ.

ಮುಚ್ಚುವ ಮುಂಚೆ, ತಂತಿ ಹಾಕುವ ಮುಂಚೆಯೇ, ಆಂಪ್ಲಿಫೈಯರ್‌ಗೆ ಜೋಡಿಸಿ. ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದೇ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಟಕ್ ಎಂದು ಕೇಳಿಸಿದ ಮೇಲೆ ಸ್ಕ್ರೂ ಬಿಗಿ ಮಾಡಿ.